ಏಡಿಗಂತಿಯೂ ಸೈಕಲ್ ಸವಾರಿಯೂ

ಈ ವರ್ಷ ತೊಗರಿಯ ರಾಶಿ ಮುಗಿದ ಮೇಲೆ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳನ್ನು ಹಾದು ಮೂರು ದಿನಗಳ ಸೈಕಲ್ ಸವಾರಿಯೊಂದು ನಡೆಯಿತು. ಹೊರಟವರು ಇಪ್ಪತ್ತಕ್ಕೆ ಒಬ್ಬರು ಕಡಿಮೆ. ಬಹುಮಟ್ಟಿಗೆ ಶಾಲೆ ಕಾಲೇಜುಗಳ ಅಧ್ಯಾಪಕರು, ಕೆಲವರು ವಿದ್ಯಾರ್ಥಿಗಳು, ಒಬ್ಬರು ಅಂಚೆಯವರು. ಕ್ಯಾನ್ಸರಿನ ಚಿಕಿತ್ಸೆಗೆಂದು ದಿನವೂ ಊರಿಂದ ಪಟ್ಟಣಕ್ಕೆ ಅಲೆಯುವ ಬಡ ರೋಗಿಗಳ ಖರ್ಚಿಗೆ ಹಣ ಕೂಡಿಸುವುದು ಸವಾರಿಯ ಉದ್ದೇಶ. ನಾವು ಸಾಗುವ ಪ್ರತಿಯೊಂದು ಕಿಲೋಮೀಟರಿಗೆ ಇಷ್ಟು ಹಣವೆಂದು ಪರಿಚಿತರು ಮೊದಲೇ ಮಾತು ಕೊಟ್ಟಿರುತ್ತಾರೆ. ಸವಾರಿ ಮುಗಿದ ಮೇಲೆ ಲೆಕ್ಕ ಒಪ್ಪಿಸಿ ವಸೂಲು ಮಾಡುವುದು. ನಾನು ಹೆಸರು ಬರೆಸಿದುದನ್ನು ಕೇಳಿ ನಮ್ಮ ಕಾಲೇಜಿನ ಹಿರಿಯರೊಬ್ಬರು, “ಅಲ್ರೀ ಸರ, ನೀವು ಸೈಕಲ್ ತುಳದ್ರ ಯಾರ ಗಂತಿ ಕರಗ್ತದ? ಆ ರೊಕ್ಕ ಸುಮ್ಮ ಕೊಟ್ಟಬಿಡ್ರಲ್ಲ” ಎಂದರು.

ಪ್ರಶ್ನೆ ನ್ಯಾಯವಾದುದೇ. ಅಂದು ನಾನು ನಕ್ಕು ಸುಮ್ಮನಾದೆ. ಉತ್ತರ ಹೇಳಬೇಕಾದರೆ ಭೌತವಿಜ್ಞಾನದ ಒಂದೆರಡು ಪಾಠಗಳನ್ನೂ, ನನ್ನ ಮನೆಯ ಒಂದು ಸಂಗತಿಯನ್ನೂ ಜೊತೆಗಿಟ್ಟು ಹೇಳಬೇಕಾಗುತ್ತದೆ. ಅದಕ್ಕೆ ಈ ಪುಟಗಳೇ ತಕ್ಕ ಸ್ಥಳವೆಂದು ಭಾವಿಸಿದ್ದೇನೆ.

ಮೊದಲು ಹೆಸರಿನ ಮಾತು. ಗ್ರೀಕರು ಈ ರೋಗವನ್ನು ಏಡಿಯ ಹೆಸರಿನಿಂದ ಕರೆದರು. ಗಂತಿಯ ಸುತ್ತ ಹಬ್ಬಿದ ರಕ್ತನಾಳಗಳು ಅವರ ಕಣ್ಣಿಗೆ ಏಡಿಯ ಕಾಲುಗಳಂತೆ ತೋರಿದುವಂತೆ. ಲ್ಯಾಟಿನ್ ಭಾಷೆಯ ಕ್ಯಾನ್ಸರ್ ಎಂಬ ಮಾತಿಗೂ ಏಡಿಯೆಂದೇ ಅರ್ಥ. ನಮ್ಮವರು ಅದನ್ನೇ ಏಡಿಗಂತಿ ಎಂದು ಕನ್ನಡಿಸಿದರು. ಹಿಡಿದರೆ ಬಿಡದೆಂಬ ಧ್ವನಿಯೂ ಅದರಲ್ಲಿರುವುದರಿಂದ ಅನುವಾದ ಮೂಲಕ್ಕಿಂತ ಒಂದು ಕೈ ಮೇಲೆಂದೇ ನನ್ನ ಅಭಿಪ್ರಾಯ.

ರೋಗದ ಪರಿಹಾರಕ್ಕಾಗಿ ಮೈ ದಣಿಸಿ ಹಣ ಕೂಡಿಸುವ ಪದ್ಧತಿ ತೀರ ಹಳೆಯದಲ್ಲ. ಕೆನಡಾ ದೇಶದ ಟೆರಿ ಫಾಕ್ಸ್ ಎಂಬ ತರುಣ ಮೂಳೆಯ ಏಡಿಗಂತಿಯಿಂದ ಒಂದು ಕಾಲನ್ನು ಕಳೆದುಕೊಂಡವನು. 1980ರ ಏಪ್ರಿಲ್ 12ರಂದು ಆತ ಕೃತಕ ಕಾಲಿನಲ್ಲಿಯೇ ಆ ದೇಶದ ಪೂರ್ವ ತೀರದಿಂದ ಓಡಲಾರಂಭಿಸಿ, 143 ದಿನಗಳಲ್ಲಿ 5,373 ಕಿಲೋಮೀಟರು ಸಾಗಿದ. ರೋಗವು ಶ್ವಾಸಕೋಶಕ್ಕೆ ಹರಡಿದುದರಿಂದ ನಿಲ್ಲಿಸಬೇಕಾಯಿತು. ಮರುವರ್ಷ ಜೂನಿನಲ್ಲಿ ತೀರಿಕೊಂಡ. ಅದೇ 1980ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮೂವತ್ತಾರು ಮಂದಿ ಸೈಕಲ್ ಸವಾರರು ಇದೇ ಉದ್ದೇಶದಿಂದ ಹೊರಟು 10,200 ಡಾಲರು ಕೂಡಿಸಿದರು. ಆ ಸವಾರಿ ಇಂದಿಗೂ ವರ್ಷವರ್ಷ ನಡೆಯುತ್ತಿದೆ. ಮೂರು ದಿನ ತೊಗರಿ ಹೊಲಗಳ ನಡುವೆ ಪೆಡಲು ತುಳಿದ ನಾವು ಅವರ ಸಾಲಿನಲ್ಲಿ ನಿಲ್ಲುವವರೇನಲ್ಲ.

ಇನ್ನು ಮನೆಯ ಸಂಗತಿ. ನನ್ನ ಚಿಗವ್ವ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಗೆ ಸಮೀಪದ ಒಂದು ಊರಿನಲ್ಲಿದ್ದಳು. ನಾಲ್ಕು ಎಕರೆ ಕರಿನೆಲ, ತೊಗರಿ ಮತ್ತು ಜೋಳ. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಅದನ್ನು ಎಂಟು ತಿಂಗಳ ಕಾಲ ಯಾರಿಗೂ ಹೇಳಲಿಲ್ಲ. ಹೇಳುವಂಥ ಮಾತೇ ಅಲ್ಲವೆಂದು ಅವಳ ತಿಳಿವಳಿಕೆ. ಕೊನೆಗೆ 2016ರ ಮಳೆಗಾಲದಲ್ಲಿ ಪರೀಕ್ಷೆಯಾದಾಗ ಗರ್ಭಕೊರಳಿನ ಏಡಿಗಂತಿಯೆಂದು ತಿಳಿಯಿತು. ಗಂತಿ ಸುಮಾರು ನಾಲ್ಕು ಸೆಂಟಿಮೀಟರಿನದಾಗಿತ್ತು. ಓಡಾಟ, ಹಣ, ಮತ್ತೆ ಪರೀಕ್ಷೆ ಎಂದು ದಿನ ಹೋಗಿ, ನವೆಂಬರಿನಲ್ಲಿ ಕಲಬುರಗಿಯಲ್ಲಿ ವಿಕಿರಣ ಚಿಕಿತ್ಸೆ ಮೊದಲಾಯಿತು. ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು ಇಪ್ಪತ್ತೈದು ಸರದಿ. ಆಮೇಲೆ ಒಳಗಿನಿಂದ ಕೊಡುವ ಕೆಲವು ಸರದಿಗಳು. ನಮ್ಮ ಕಡೆಯ ಜನ ಇದಕ್ಕೆ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಅಫಜಲಪುರದಿಂದ ಕಲಬುರಗಿಗೆ ಸುಮಾರು ಅರವತ್ತು ಕಿಲೋಮೀಟರು. ಮೇಜಿನ ಮೇಲೆ ಮಲಗಿರಬೇಕಾದ ಕೆಲವು ನಿಮಿಷಗಳಿಗಾಗಿ ಚಿಗವ್ವ ದಿನವೂ ಬೆಳಗಿನ ಬಸ್ಸು ಹತ್ತಿ ಸಂಜೆಗೆ ಊರು ಸೇರುತ್ತಿದ್ದಳು.

ಹದಿನಾಲ್ಕು ಸರದಿಗಳಾದುವು. ರಕ್ತ ನಿಂತಿತು, ಊಟ ಸೇರತೊಡಗಿತು. ಅಷ್ಟರಲ್ಲಿ ತೊಗರಿ ಕಟಾವಿಗೆ ಬಂತು. ನನಗೆ ಫೋನು ಮಾಡಿ, “ತಮ್ಮಾ, ಆಳು ಸಿಗವಲ್ರು. ತೊಗರಿ ಹೊಲದಾಗ ಸಿಡ್ಯಾಕತ್ತದ. ಹತ್ತೆಂಟ್ ದಿನ ಬಿಟ್ಟು ಹೋದ್ರ ನಡೀತದೇನು? ನೀ ಓದಿದಾಂವ, ನೀನೇ ಹೇಳು” ಎಂದಳು. ನಾನು, “ನಡೀತದ ಚಿಗವ್ವ, ಬ್ಯಾನಿ ಕಡಿಮಿ ಆಗ್ಯದಲ್ಲ, ರಾಶಿ ಮುಗಿಸಿ ಹೋಗು” ಎಂದೆ. ಆಗ ನಾನು ಎಂ.ಎಸ್ಸಿ. ಮುಗಿಸಿ ಅಧ್ಯಾಪಕನಾಗಿ ಬಹಳ ಕಾಲವಾಗಿರಲಿಲ್ಲ. ಅದೇ ವಾರ ತರಗತಿಯಲ್ಲಿ ವಿಕಿರಣಪಟುತ್ವದ ನಿಯಮವನ್ನು ಪಾಠ ಹೇಳುತ್ತಿದ್ದೆ. ಕರಿಹಲಗೆಯ ಮೇಲೆ ನಾನು ಎಳೆದ ವಕ್ರರೇಖೆಗೂ ಚಿಗವ್ವನ ಮೈಯೊಳಗಿನ ಲೆಕ್ಕಕ್ಕೂ ಇದ್ದ ಸಂಬಂಧ ನನಗೆ ಹೊಳೆಯಲೇ ಇಲ್ಲ.

ಆ ಲೆಕ್ಕವನ್ನು ಈಗ ನೋಡೋಣ. ಕೋಬಾಲ್ಟ್-60 ಎಂಬುದು ವಿಕಿರಣಪಟು ಲೋಹ. ಅದರ ಪರಮಾಣುಗಳು ಒಂದೊಂದಾಗಿ ಸಿಡಿದು ನಿಕ್ಕಲ್ ಆಗುತ್ತವೆ. ಆಗುವಾಗ ಕ್ಷ-ಕಿರಣಗಳ ಜಾತಿಯವೇ ಆದ, ಆದರೆ ಹೆಚ್ಚು ತೂರಬಲ್ಲ ಗ್ಯಾಮಾ ಕಿರಣಗಳನ್ನು ಹೊಮ್ಮಿಸುತ್ತವೆ. 1951ರಲ್ಲಿ ಕೆನಡಾದಲ್ಲಿ ಇದನ್ನು ಮೊದಲ ಬಾರಿಗೆ ಏಡಿಗಂತಿಯ ಚಿಕಿತ್ಸೆಗೆ ಬಳಸಿದರು. ಇಂದು ಅನೇಕ ಕಡೆ ಅದರ ಸ್ಥಾನದಲ್ಲಿ ರೇಖೀಯ ವೇಗೋತ್ಕರ್ಷಕ ಯಂತ್ರಗಳು ಬಂದಿವೆಯಾದರೂ ತತ್ತ್ವ ಒಂದೇ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಎಂದರೆ ಇಂದು ಒಂದು ತುಣುಕಿನಲ್ಲಿ ಎಷ್ಟು ಪರಮಾಣುಗಳಿವೆಯೋ ಅವುಗಳಲ್ಲಿ ಅರ್ಧ ಮಾತ್ರ 5.27 ವರ್ಷಗಳ ಮೇಲೆ ಉಳಿದಿರುತ್ತವೆ. ಮತ್ತೆ ಅಷ್ಟೇ ಕಾಲದಲ್ಲಿ ಅದರಲ್ಲಿ ಅರ್ಧ. ಯಾವ ಪರಮಾಣು ಯಾವ ಕ್ಷಣ ಸಿಡಿಯುವುದೆಂದು ಯಾರೂ ಹೇಳಲಾರರು. ಕೋಟಿ ಕೋಟಿ ಸೇರಿದಾಗ ಮಾತ್ರ ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ವಿಕಿರಣ ಬಿದ್ದ ಗಂತಿಯ ಜೀವಕೋಶಗಳೂ ಸುಮಾರಾಗಿ ಇದೇ ರೀತಿ ನಡೆದುಕೊಳ್ಳುತ್ತವೆ. ಒಂದು ಸರದಿಯಲ್ಲಿ ಸಾಮಾನ್ಯವಾಗಿ ಕೊಡುವ ಪ್ರಮಾಣ ಎರಡು ಗ್ರೇ. ಒಂದು ಕಿಲೋಗ್ರಾಂ ಪದಾರ್ಥದಲ್ಲಿ ಒಂದು ಜೂಲ್ ಶಕ್ತಿ ಹೀರಲ್ಪಟ್ಟರೆ ಅದು ಒಂದು ಗ್ರೇ. ಎರಡು ಗ್ರೇ ಬಿದ್ದಾಗ ಗಂತಿಯ ಜೀವಕೋಶಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಂತಾನಶಕ್ತಿಯನ್ನು ಕಳೆದುಕೊಳ್ಳುತ್ತವೆಂದು ಇಟ್ಟುಕೊಳ್ಳೋಣ. ಗಂತಿಯಿಂದ ಗಂತಿಗೆ ಇದು ಬೇರೆಯಾಗುತ್ತದೆ. ಆದರೂ ಅರ್ಧವೆಂಬುದು ವಾಸ್ತವಕ್ಕೆ ದೂರವಲ್ಲ. ಒಂದು ಘನ ಸೆಂಟಿಮೀಟರಿನಲ್ಲಿ ನೂರು ಕೋಟಿಯಷ್ಟು ಜೀವಕೋಶಗಳಿರುತ್ತವೆ. ನಾಲ್ಕು ಸೆಂಟಿಮೀಟರು ವ್ಯಾಸದ ಗುಂಡನೆಯ ಗಂತಿಯ ಗಾತ್ರ 33 ಘನ ಸೆಂಟಿಮೀಟರು; ಆದುದರಿಂದ ಅದರಲ್ಲಿ ಸುಮಾರು 3,300 ಕೋಟಿ ಜೀವಕೋಶಗಳು. ಈ ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಿದರೆ ಒಂದಕ್ಕೆ ಬಂದು ಮುಟ್ಟುವುದು? ವಾಚಕರು ಪೆನ್ಸಿಲ್ ಹಿಡಿದು ಮಾಡಿ ನೋಡಬಹುದು: ಮೂವತ್ತೈದು ಸಲ. ಇಪ್ಪತ್ತೈದು ಸರದಿ ಹೊರಗಿನಿಂದ ಏಕೆ, ಆಮೇಲೆ ಒಳಗಿನಿಂದ ಮತ್ತಷ್ಟು ಏಕೆ ಎಂಬುದು ಇಲ್ಲಿಗೆ ಸ್ಥೂಲವಾಗಿ ತಿಳಿಯುತ್ತದೆ. ಒಳಗಿನಿಂದ ಕೊಡಲು ಹಿಂದೆ ರೇಡಿಯಂ ಬಳಸುತ್ತಿದ್ದರು. ಈಗ ಹೆಚ್ಚಾಗಿ ಇರಿಡಿಯಂ-192. ಇಲ್ಲಿ ನಮ್ಮ ವಿಲೋಮವರ್ಗ ನಿಯಮ ವೈದ್ಯರ ಸಹಾಯಕ್ಕೆ ಬರುತ್ತದೆ. ಮೂಲದಿಂದ ಒಂದು ಸೆಂಟಿಮೀಟರು ದೂರದಲ್ಲಿ ಬೀಳುವ ಕಿರಣಗಳ ಇಪ್ಪತ್ತೈದನೆಯ ಒಂದು ಪಾಲು ಮಾತ್ರ ಐದು ಸೆಂಟಿಮೀಟರು ದೂರದಲ್ಲಿ ಬೀಳುವುದು. ಗಂತಿಗೆ ಹೆಚ್ಚು, ನೆರೆಯ ಅಂಗಗಳಿಗೆ ಕಡಿಮೆ.

ಹಾಗಾದರೆ ಇಡೀ ಪ್ರಮಾಣವನ್ನು ಒಂದೇ ದಿನ ಕೊಟ್ಟು ಮುಗಿಸಬಾರದೇ, ಬಸ್ಸಿನ ಓಡಾಟವೇ ತಪ್ಪುವುದಲ್ಲ, ಎಂದು ಕೇಳಬಹುದು. ಕಿರಣಗಳು ಹಾದುಹೋಗುವ ದಾರಿಯಲ್ಲಿ ಒಳ್ಳೆಯ ಜೀವಕೋಶಗಳೂ ಇವೆ. ಏಟು ಸಣ್ಣದಾದರೆ ಅವು ಮರುದಿನದೊಳಗೆ ತಮ್ಮ ಗಾಯವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಗಂತಿಯ ಜೀವಕೋಶಗಳು ಈ ದುರಸ್ತಿಯಲ್ಲಿ ಅಷ್ಟು ಜಾಣವಲ್ಲ. ದಿನದಿನದ ಅಂತರವೆಂಬುದು ಒಳ್ಳೆಯವಕ್ಕೆ ಉಸಿರಾಡಲು ಕೊಟ್ಟ ಬಿಡುವು. ಒಂದೇ ಏಟಿಗೆ ಐವತ್ತು ಗ್ರೇ ಸುರಿದರೆ ಗಂತಿಯ ಜೊತೆಗೆ ಕರುಳು, ಮೂತ್ರಕೋಶಗಳೂ ಸುಟ್ಟುಹೋದಾವು.

ಆದರೆ ಬಿಡುವು ಮೇರೆ ಮೀರಿದರೆ ಗಂತಿಗೂ ಅನುಕೂಲವೇ. ಚಿಕಿತ್ಸೆ ಮೊದಲಾಗಿ ಮೂರು ನಾಲ್ಕು ವಾರಗಳಾದ ಮೇಲೆ, ಉಳಿದುಕೊಂಡ ಕೋಶಗಳು ಮೊದಲಿಗಿಂತ ಚುರುಕಾಗಿ ಇಮ್ಮಡಿಸತೊಡಗುತ್ತವೆ. ಇಮ್ಮಡಿಗೆ ನಾಲ್ಕು ದಿನವೆಂದು ಹಿಡಿದರೆ, ಚಿಗವ್ವ ಬಿಟ್ಟ ಹದಿನಾರು ದಿನಗಳಲ್ಲಿ ನಾಲ್ಕು ಇಮ್ಮಡಿ. ಎಂದರೆ ಉಳಿದವು ಹದಿನಾರರಷ್ಟಾದುವು. ಹದಿನಾಲ್ಕು ಸರದಿಗಳ ದುಡಿಮೆಯಲ್ಲಿ ನಾಲ್ಕು ಸರದಿಗಳದು ನೀರಿನಲ್ಲಿ ಹೋಯಿತು. ಇದು ನನ್ನ ಕಾಗದದ ಮೇಲಿನ ಲೆಕ್ಕ. ವೈದ್ಯರು ರೋಗಿಗಳನ್ನೇ ಅನುಸರಿಸಿ ಹಾಕಿರುವ ಲೆಕ್ಕವೂ ಇದೇ ಕಡೆ ಕೈ ತೋರಿಸುತ್ತದೆ: ಗರ್ಭಕೊರಳಿನ ಏಡಿಗಂತಿಯ ಒಟ್ಟು ಚಿಕಿತ್ಸೆ ಎಂಟು ವಾರಗಳೊಳಗೆ ಮುಗಿಯಬೇಕು, ಆಮೇಲೆ ಕಳೆದ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಂಭವ ಶೇಕಡಾ ಅರ್ಧದಿಂದ ಒಂದರಷ್ಟು ಇಳಿಯುತ್ತದೆ.

ಚಿಗವ್ವ ರಾಶಿ ಮುಗಿಸಿ ಹೋಗಿ ಉಳಿದ ಸರದಿಗಳನ್ನು ಪೂರೈಸಿದಳು. ಒಂದೂವರೆ ವರ್ಷದ ಮೇಲೆ ರೋಗ ಮರುಕಳಿಸಿ ತೀರಿಕೊಂಡಳು. ಆ ಹದಿನಾರು ದಿನಗಳಿಂದಲೇ ಹೀಗಾಯಿತೇ ಎಂದರೆ, ಒಂದು ಪರಮಾಣುವಿನ ವಿಷಯದಲ್ಲಿ ನಾನು ಏನೂ ಹೇಳಲಾರದಂತೆ ಒಬ್ಬ ರೋಗಿಯ ವಿಷಯದಲ್ಲಿಯೂ ಹೇಳಲಾರೆ. ಸರದಿ ಬಿಡದಿದ್ದರೂ ಹೋಗುತ್ತಿದ್ದಳೇನೋ. ಆದರೆ ‘ನಡೀತದ’ ಎಂದು ಹೇಳಿದವನು ನಾನು. ಅದನ್ನು ಹೇಳಲು ಬೇಕಾದ ಗಣಿತ ನನ್ನ ಬಳಿ ಇತ್ತು, ಆ ಗಣಿತವೋ ನಡೆಯುವುದಿಲ್ಲ ಎನ್ನುತ್ತಿತ್ತು. ನಾನು ಸೈಕಲ್ ಹತ್ತಿದ ಕಾರಣ ಇದು. ಬೇರೆ ದೊಡ್ಡ ಕಾರಣವೇನೂ ಇಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಇಪ್ಪತ್ತೈದು ಸರದಿಗಳಲ್ಲಿ ಮೈಯೊಳಗೆ ಇಳಿಯುವ ಒಟ್ಟು ಶಕ್ತಿ ಎಷ್ಟು? ಕಿಲೋಗ್ರಾಂಗೆ ಐವತ್ತು ಜೂಲ್. ಕಿರಣ ಬೀಳುವ ಭಾಗ ಹತ್ತು ಕಿಲೋಗ್ರಾಂ ಎಂದು ಧಾರಾಳವಾಗಿ ಹಿಡಿದರೂ ಐನೂರು ಜೂಲ್. ಅಷ್ಟನ್ನೂ ಒಮ್ಮೆಗೆ ಸುರಿದರೂ ಆ ಭಾಗದ ಉಷ್ಣತೆ ಸೆಂಟಿಗ್ರೇಡಿನ ಒಂದು ಡಿಗ್ರಿಯ ನೂರನೆಯ ಒಂದು ಪಾಲಿನಷ್ಟು ಮಾತ್ರ ಏರುತ್ತದೆ. ಜೀವಕೋಶದ ಒಳಗೆ ಆನುವಂಶಿಕ ಎಳೆಯನ್ನು ಸರಿಯಾದ ಕಡೆ ಕತ್ತರಿಸುವುದರಿಂದಲೇ ಇಷ್ಟು ಅಲ್ಪ ಶಕ್ತಿಗೆ ಅಷ್ಟು ಪ್ರಭಾವ. ನಮ್ಮ ಹಳ್ಳಿಗಳಿಗೆ ಬರುವ ಬಸ್ಸಿನ ನೆಲ ರಸ್ತೆಯಿಂದ ಒಂದು ಮೀಟರಿನಷ್ಟು ಎತ್ತರದಲ್ಲಿರುತ್ತದೆ. ಐವತ್ತು ಕಿಲೋಗ್ರಾಂ ತೂಕದ ಹೆಂಗಸು ಅದನ್ನು ಒಂದು ಸಲ ಹತ್ತಲು ಮಾಡುವ ಕೆಲಸ 490 ಜೂಲ್. ಏಡಿಗಂತಿಯನ್ನು ಕರಗಿಸಲು ಹೊರಗಿನಿಂದ ಕೊಡುವ ಎಲ್ಲ ಕಿರಣಗಳ ಶಕ್ತಿಯೂ ಒಂದೇ ಒಂದು ಸಲ ಬಸ್ಸು ಹತ್ತುವ ಶಕ್ತಿಯೂ ಒಂದೇ. ಆಕೆ ಐವತ್ತು ಸಲ ಹತ್ತಬೇಕು.

ನನ್ನ ಸವಾರಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಾನೂ ಸೈಕಲ್ಲೂ ಸೇರಿ 85 ಕಿಲೋಗ್ರಾಂ. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ, ಗಾಳಿಯಿಲ್ಲದ ಸಮನಾದ ರಸ್ತೆಯಲ್ಲಿ, ಗಾಲಿಗಳ ಉರುಳು ಘರ್ಷಣೆ ಸುಮಾರು 7 ನ್ಯೂಟನ್, ಹವೆಯ ತಡೆ ಮತ್ತೆ 7 ನ್ಯೂಟನ್. ಒಟ್ಟಿನಲ್ಲಿ ಒಂದು ಹಳೆಯ ಅರವತ್ತು ವಾಟಿನ ದೀಪವನ್ನು ಉರಿಸುವಷ್ಟು ದುಡಿಮೆ. ಮೂರು ದಿನಗಳಲ್ಲಿ 180 ಕಿಲೋಮೀಟರು ಎಂದರೆ 25 ಲಕ್ಷ ಜೂಲ್ ಆಯಿತು. ಐದು ಸಾವಿರ ರೋಗಿಗಳಿಗೆ ಸಾಲುವ ಶಕ್ತಿ! ಗಂತಿ ಕರಗಿಸಲು ಶಕ್ತಿಯ ಅಭಾವ ಎಂದೂ ಇರಲಿಲ್ಲವೆಂದು ಹಿರಿಯರಿಗೆ ಈಗ ಧೈರ್ಯವಾಗಿ ಹೇಳಬಲ್ಲೆ. ಅದು ಬೀಳಬೇಕಾದ ಕಡೆ ಬೀಳುವಂತೆ, ತಪ್ಪದೆ ದಿನವೂ, ಅರವತ್ತು ಕಿಲೋಮೀಟರು ದಾಟಿ ರೋಗಿಯನ್ನು ಒಯ್ಯುವುದೇ ಕಷ್ಟ.

ನಮ್ಮ ಕಡೆ ಸೌಕರ್ಯವೇ ಇಲ್ಲವೆಂದಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆ 1973ರಲ್ಲಿ ಆರಂಭವಾದುದು. ಅದು ಇಲ್ಲಿಂದ ಆರುನೂರು ಕಿಲೋಮೀಟರು. ಅದರದೊಂದು ಶಾಖೆ ಕಲಬುರಗಿಯಲ್ಲಿಯೇ ಇದೆ. ಆಳಂದ, ಅಫಜಲಪುರಗಳ ಅನೇಕರು ಸೊಲ್ಲಾಪುರಕ್ಕೋ ಬಾರ್ಶಿಗೋ ಹೋಗುವುದೂ ಉಂಟು. 2023ರ ಜೂನಿನಿಂದ ಕರ್ನಾಟಕದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಇದರಿಂದ ಆಗಿರುವ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಜೊತೆಗೆ ಬರುವ ಗಂಡಸಿನ ಟಿಕೆಟ್ಟು, ಅವನ ಕೂಲಿಯ ನಷ್ಟ, ಊಟ, ಸುಸ್ತಾದ ದಿನ ಪಟ್ಟಣದಲ್ಲಿಯೇ ತಂಗುವ ಖರ್ಚು, ಇವು ಹಾಗೆಯೇ ಉಳಿದಿವೆ.

ಗರ್ಭಕೊರಳಿನ ಏಡಿಗಂತಿಯ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಇದಕ್ಕೆ ಕಾರಣ ಒಂದು ವೈರಸ್ಸು ಎಂದು ತೋರಿಸಿದ ಜರ್ಮನಿಯ ಹರಾಲ್ಡ್ ಟ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಬಂತು. ವೈರಸ್ಸು ತಗುಲಿ ಗಂತಿಯಾಗುವುದಕ್ಕೆ ಎಷ್ಟೋ ವರ್ಷಗಳು ಬೇಕು. ಅಷ್ಟರೊಳಗೆ ಕಂಡುಹಿಡಿದರೆ ಸಣ್ಣ ಚಿಕಿತ್ಸೆಯಲ್ಲಿಯೇ ತೀರುತ್ತದೆ. ಇದನ್ನು ಹಳ್ಳಿಗಾಡಿನಲ್ಲಿ ಪರೀಕ್ಷಿಸಿ ನೋಡಿದ ಜಗತ್ಪ್ರಸಿದ್ಧ ಪ್ರಯೋಗ ನಡೆದದ್ದು ಎಲ್ಲೋ ದೂರದಲ್ಲಲ್ಲ, ಆಳಂದದ ಗಡಿಯಾಚೆ, ಈಗ ಧಾರಾಶಿವ ಎನಿಸಿರುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ. 1956ರವರೆಗೆ ಅವರೂ ನಾವೂ ಒಂದೇ ಹೈದರಾಬಾದ್ ರಾಜ್ಯದವರು. ಅದೇ ಕರಿನೆಲ, ಅದೇ ಬಡತನ. ಮೂವತ್ತರಿಂದ ಐವತ್ತೊಂಬತ್ತು ವಯಸ್ಸಿನ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿ, ಮೂರು ಗುಂಪುಗಳಿಗೆ ಮೂರು ಬಗೆಯ ಪರೀಕ್ಷೆಗಳನ್ನು ಜೀವಮಾನದಲ್ಲಿ ಒಂದೇ ಒಂದು ಸಲ ಮಾಡಿದರು, ನಾಲ್ಕನೆಯದಕ್ಕೆ ಮಾಡಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಏಡಿಗಂತಿ ಸಂಶೋಧನ ವಿಭಾಗ ಸೇರಿ ಮಾಡಿದ ಕೆಲಸ ಇದು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ವೈರಸ್ಸಿನ ಪರೀಕ್ಷೆ ಮಾಡಿದ 34,126 ಮಂದಿಯಲ್ಲಿ ಎಂಟು ವರ್ಷಗಳಲ್ಲಿ ಈ ರೋಗದಿಂದ ಸತ್ತವರು 34. ಪರೀಕ್ಷೆ ಮಾಡದ 31,488 ಮಂದಿಯಲ್ಲಿ 64. ಸಾವು ಅರ್ಧಕ್ಕಿಳಿಯಿತು. ಇಲ್ಲಿಯೂ ಅರ್ಧವೇ! ಸುಲಭವಾದ ಇನ್ನೊಂದು ಪರೀಕ್ಷೆಯಲ್ಲಿ ಮಂದವಾದ ಅಸೆಟಿಕ್ ಆಮ್ಲವನ್ನು ಸವರಿ ನೋಡುತ್ತಾರೆ. ಮೊಟ್ಟೆಯ ಬಿಳಿ ಬೆಂದಾಗ ಪಾರದರ್ಶಕತೆ ಕಳೆದುಕೊಳ್ಳುವಂತೆ ಕೆಟ್ಟ ಕೋಶಗಳ ಸಸಾರಜನಕ ಗಟ್ಟಿಯಾಗಿ, ಬೆಳಕನ್ನು ಚದರಿಸಿ, ಬೆಳ್ಳಗೆ ಕಾಣುತ್ತದೆ. ಉಸ್ಮಾನಾಬಾದಿನಲ್ಲಿ ಇದರಿಂದ ಹೇಳಿಕೊಳ್ಳುವಷ್ಟು ಫಲ ಕಾಣಲಿಲ್ಲವಾದರೂ ಮುಂಬಯಿಯ ಕೊಳೆಗೇರಿಗಳಲ್ಲಿ ಪದೇ ಪದೇ ಮಾಡಿದಾಗ ಸಾವು ಶೇಕಡಾ 31ರಷ್ಟು ಕಡಿಮೆಯಾಯಿತು. ಪರೀಕ್ಷೆಯಿಲ್ಲದ ಗುಂಪೊಂದನ್ನು ಇಟ್ಟುದು ಸರಿಯೇ ಎಂಬ ವಾದ ಆಮೇಲೆ ಎದ್ದಿತು. ಲೆಕ್ಕ ಖಚಿತವಾಗಬೇಕಾದರೆ ಹೋಲಿಕೆ ಬೇಕೆಂಬುದನ್ನು ನಾನು ತರಗತಿಯಲ್ಲಿ ದಿನವೂ ಹೇಳುವವನು. ಆದರೂ ಆ 64ನ್ನು ಓದುವಾಗ ನನಗೆ ಸಂಖ್ಯೆಯಾಗಿ ಕಾಣುವುದಿಲ್ಲ. ಚಿಗವ್ವ ಗಡಿಯ ಈಚೆ ಇದ್ದುದರಿಂದ ಯಾವ ಗುಂಪಿಗೂ ಸೇರಿರಲಿಲ್ಲ.

ಸವಾರಿಯ ಮೊದಲ ದಿನ ಆಳಂದದಿಂದ ಹೊರಟು ಅಮರ್ಜಾ ಹೊಳೆಯ ದಿಕ್ಕು ಹಿಡಿದೆವು. ಅದು ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. ಎರಡನೆಯ ದಿನ ಅಫಜಲಪುರದ ಊರುಗಳು. ಮೂರನೆಯ ದಿನ ಭೀಮೆಯನ್ನು ದಾಟಿ ಜೇವರ್ಗಿಯ ಕಡೆ ತಿರುಗಿದಾಗ ಮೂಡಣ ಗಾಳಿ ಎದುರಾಯಿತು. ಹವೆಯ ತಡೆ ವೇಗದ ವರ್ಗದಂತೆ ಏರುವುದೆಂದು ಪುಸ್ತಕದಲ್ಲಿ ಓದುವುದು ಬೇರೆ, ಮೊಣಕಾಲಿನಲ್ಲಿ ತಿಳಿಯುವುದು ಬೇರೆ. ನಮ್ಮ ವೇಗದಷ್ಟೇ ವೇಗದ ಗಾಳಿ ಎದುರಿಗೆ ಬೀಸಿದರೆ ತಡೆ ನಾಲ್ಕರಷ್ಟು. ಅರವತ್ತು ವಾಟಿನ ದುಡಿಮೆ ನೂರೈವತ್ತರ ಹತ್ತಿರಕ್ಕೆ ಹೋಗುತ್ತದೆ. ಅಂಚೆಯವರು ಮಾತ್ರ ಏನೂ ಆಗದವರಂತೆ ಮುಂದೆ ಹೋಗುತ್ತಿದ್ದರು.

ಊರೂರಿನಲ್ಲಿ ಇಳಿದಾಗ ಗುಡಿಯ ಕಟ್ಟೆಯ ಮೇಲೆ ನಾನು ಒಂದೇ ಪಾಠ ಮಾಡುತ್ತಿದ್ದೆ. ಮೂವತ್ತೆರಡು ತೊಗರಿ ಕಾಳುಗಳನ್ನು ಹರಡಿ, ಒಂದು ಸರದಿಗೆ ಅರ್ಧ ತೆಗೆಯುತ್ತ ಬರುವುದು: ಹದಿನಾರು, ಎಂಟು, ನಾಲ್ಕು. ಇಲ್ಲಿ ನಿಲ್ಲಿಸಿ, ‘ರಾಶಿಗೆಂದು ಎಂಟು ದಿನ ಬಿಟ್ಟಿರಿ’ ಎಂದು ಹೇಳಿ ಮತ್ತೆ ಕಾಳುಗಳನ್ನು ಸೇರಿಸುವುದು: ಎಂಟು, ಹದಿನಾರು. ಸರದಿಯ ಚೀಟಿಯನ್ನು ಮನೆಯ ಗೋಡೆಗೆ ಅಂಟಿಸಿರಿ, ಒಂದು ದಿನ ತಪ್ಪಿದರೂ ನಮಗೆ ಫೋನು ಮಾಡಿರಿ ಎಂದು ಕೊನೆಯ ಮಾತು.

ಅಫಜಲಪುರ ತಾಲ್ಲೂಕಿನ ಒಂದು ಊರಿನಲ್ಲಿ, ಕಾಳುಗಳು ನಾಲ್ಕರಿಂದ ಹದಿನಾರಾದುದನ್ನು ನೋಡುತ್ತ ಕುಳಿತಿದ್ದ ಮುದುಕಿಯೊಬ್ಬಳು, “ಎಲ್ಲಾ ಖರೆ ಅದ ಮಾಸ್ತರ. ಬಸ್ಸಿನ ರೊಕ್ಕ ನೀವು ಕೊಡ್ತೀರಿ. ಹೊಲದಾಗ ನಿಂತ ತೊಗರಿ ಯಾರು ಕೊಯ್ಯೋರು?” ಎಂದು ಕೇಳಿದಳು. ನಮ್ಮ ಖರ್ಚಿನ ಪಟ್ಟಿಯಲ್ಲಿ ಟಿಕೆಟ್ಟು, ಊಟ, ತಂಗುವ ಕೋಣೆ ಇದ್ದುವು. ಕೊಯ್ಲಿನ ಕೂಲಿ ಇರಲಿಲ್ಲ. ಚಿಗವ್ವ ನನ್ನನ್ನು ಕೇಳಿದ್ದೂ ಇದೇ ಪ್ರಶ್ನೆ. ಅಂದು ರಾತ್ರಿ ಶಾಲೆಯ ಹಜಾರದಲ್ಲಿ ಕುಳಿತು ಹತ್ತೊಂಬತ್ತು ಮಂದಿಯೂ ಅರ್ಧ ಗಂಟೆ ಜಗಳವಾಡಿದೆವು. ಕೊಯ್ಲಿನ ಕೂಲಿ ಚಿಕಿತ್ಸೆಯ ಖರ್ಚು ಹೇಗಾಗುತ್ತದೆಂದು ಇಬ್ಬರು ಕೊನೆಯವರೆಗೂ ಒಪ್ಪಲಿಲ್ಲ. ಕಡೆಗೆ ಪಟ್ಟಿಯ ಕೆಳಗೆ ನಾಲ್ಕನೆಯ ಬಾಬನ್ನು ಬರೆದು ಮಲಗಿದೆವು.